ಅಣುವಿಗೂ ಎಡ-ಬಲ ಉಂಟು

ಸಕಲೇಶಪುರ, ಆಲೂರು ಕಡೆಯ ತೋಟಕ್ಕೆ ಕಾಡಾನೆ ನುಗ್ಗಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಬಿಳಿ ಕಾಂಡಕೊರಕ ನುಗ್ಗಿದ್ದು ಮಾತ್ರ ಎಲೆ ಹಳದಿಯಾಗಿ ಗಿಡ ಸೊರಗುವವರೆಗೆ ಗೊತ್ತಾಗುವುದಿಲ್ಲ. ಹೆಣ್ಣು ದುಂಬಿ ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ; ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಒಳಗೆ ಸೇರಿದ ಮೇಲೆ ಗಿಡ ಕಿತ್ತು ಸುಡುವುದೇ ಮದ್ದು. ಈ ಪೀಡೆ ಹೊಸದಲ್ಲ. 1860ರ ದಶಕದಲ್ಲಿ ಮೈಸೂರು, ಕೊಡಗಿನ ತೋಟಗಳನ್ನು ಅದು ಹಾಳುಗೆಡವಿತು. ಮದರಾಸಿನ ವೈದ್ಯ ಜಾರ್ಜ್ ಬಿಡೀ 1869ರಲ್ಲಿ ಅದರ ಬಗ್ಗೆ ವರದಿಯನ್ನೇ ಬರೆದ. ಹಳೆಯ 'ಚಿಕ್' ತಳಿ ಹೋಗಿ 'ಕೂರ್ಗ್' ತಳಿ ಬಂದದ್ದು ಇದೇ ಹೊಡೆತದಿಂದ.

ಈ ದುಂಬಿಗಳು ಜೊತೆಗಾರರನ್ನು ಹುಡುಕುವುದು ವಾಸನೆಯಿಂದ. ಗಂಡು ಸೂಸುವ ಆಕರ್ಷಕ ವಸ್ತುವಿನ ಮುಖ್ಯಾಂಶ 2-ಹೈಡ್ರಾಕ್ಸಿ-3-ಡೆಕನೋನ್ ಎಂಬ ಅಣು, ಅದರಲ್ಲೂ ಅದರ 'ಎಸ್' ರೂಪ. ಬ್ರಿಟನ್ನಿನ ಮತ್ತು ನಮ್ಮ ಕಾಫಿ ಮಂಡಳಿಯ ವಿಜ್ಞಾನಿಗಳು ಸೇರಿ ನಡೆಸಿದ ಅಧ್ಯಯನ 2006ರಲ್ಲಿ ಇದರ ವಿವರಗಳನ್ನು ಪ್ರಕಟಿಸಿತು. ಏನಿದು 'ಎಸ್'?

ನಮ್ಮ ಎರಡು ಕೈಗಳು ನೋಡಲು ಒಂದೇ. ಆದರೆ ಎಡಗೈಯ ಗವಸು ಬಲಗೈಗೆ ಹೊಂದದು. ಕೆಲವು ಅಣುಗಳೂ ಹೀಗೆಯೇ, ಒಂದು ಇನ್ನೊಂದರ ಕನ್ನಡಿಬಿಂಬ. ಇಂಥವನ್ನು ಲಾರ್ಡ್ ಕೆಲ್ವಿನ್ 'ಕೈರಲ್' ಎಂದು ಕರೆದ. ಗ್ರೀಕಿನಲ್ಲಿ 'ಖೈರ್' ಎಂದರೆ ಕೈ. ಕನ್ನಡದ 'ಕೈ'ಗೂ ಅದಕ್ಕೂ ಇರುವ ಹೋಲಿಕೆ ಆಕಸ್ಮಿಕ. 'ಎಸ್' ಲ್ಯಾಟಿನ್ನಿನ 'ಎಡ' ಎಂಬ ಪದದ ಮೊದಲಕ್ಷರ. ಈ ಎಡ-ಬಲ ಬರೀ ಪುಸ್ತಕದ ಮಾತಲ್ಲ. ಪುದಿನದ ಪರಿಮಳ ಕಾರ್ವೋನ್ ಎಂಬ ಅಣುವಿನದು. ಅದರ ಕನ್ನಡಿಬಿಂಬ ಇರುವುದು ಸಬ್ಬಸಿಗೆ ಬೀಜದಲ್ಲಿ. ಎರಡರ ವಾಸನೆ ಬೇರೆ ಬೇರೆಯೆಂದು ನಮ್ಮ ಮೂಗೇ ಹೇಳುತ್ತದೆ. ದುಂಬಿಯ ಮೀಸೆಯಂತೂ ನಮ್ಮ ಮೂಗಿಗಿಂತ ಸೂಕ್ಷ್ಮ.

ತೊಡಕು ಇರುವುದು ಪ್ರಯೋಗಶಾಲೆಯಲ್ಲಿ. ಸಾಮಾನ್ಯ ವಿಧಾನದಲ್ಲಿ ತಯಾರಿಸಿದರೆ ಎಡವೂ ಬಲವೂ ಸಮಸಮವಾಗಿ ಬೆರೆತು ಬರುತ್ತವೆ. ಒಂದನ್ನೇ ಪಡೆಯಲು ರಸಾಯನಶಾಸ್ತ್ರಜ್ಞರು ಹಿಡಿದ ದಾರಿಗಳಲ್ಲಿ ಒಂದು ವನೇಡಿಯಂ ಲೋಹದ್ದು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಇದಕ್ಕೆ ತನ್ನ ನಾಡಿನ ಸೌಂದರ್ಯದೇವತೆ ವನಾಡಿಸಳ ಹೆಸರಿಟ್ಟ. ಲೋಹ ನಮಗೆ ಅಪರಿಚಿತವೇನಲ್ಲ. ಇದೇ ಹಾಸನ ಜಿಲ್ಲೆಯಲ್ಲಿ, 1246ರ ಹೊಯ್ಸಳ ದೇಗುಲವಿರುವ ನುಗ್ಗೇಹಳ್ಳಿಯ ಸುತ್ತಿನ ಪ್ರಾಚೀನ ಶಿಲಾಪಟ್ಟಿಯ ಕಬ್ಬಿಣದ ಅದಿರಿನಲ್ಲಿ ವನೇಡಿಯಂ ಬೆರೆತಿದೆ.

ವನೇಡಿಯಂಗೆ ತಾನಾಗಿ ಎಡ-ಬಲವಿಲ್ಲ. ಒಂದೇ ಬದಿಯ ಸಾವಯವ ಅಣುವೊಂದು ಅದನ್ನು ಸುತ್ತುವರಿದಾಗ ಎಡಗಾಲಿನ ಚಪ್ಪಲಿಯಂಥ ಜಾಗವೊಂದು ಏರ್ಪಡುತ್ತದೆ. ಅಲ್ಲಿಗೆ ಹೊಂದುವ ಅಣು ಬೇಗ ಉತ್ಕರ್ಷಣಗೊಳ್ಳುತ್ತದೆ. ಹೊಂದದ್ದು ಹಾಗೆಯೇ ಉಳಿಯುತ್ತದೆ. ಲೋಹವೋ ಖರ್ಚಾಗದೆ ಮತ್ತೆ ಮತ್ತೆ ದುಡಿಯುತ್ತದೆ. ಕ್ರಿಯಾವರ್ಧಕವೆಂದರೆ ಇದೇ.

1977ರಲ್ಲಿ ಬ್ಯಾರಿ ಶಾರ್ಪ್‌ಲೆಸ್ ತಂಡ ವನೇಡಿಯಂ ಬಳಸಿ ಪಡೆದದ್ದು ಅರೆ ಯಶಸ್ಸು. 1980ರಲ್ಲಿ ಟೈಟಾನಿಯಂ ಅವರ ಕೈಹಿಡಿಯಿತು. 2001ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ವನೇಡಿಯಂ ಮೂಲೆಗೆ ಸರಿಯಲಿಲ್ಲ. 2005ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಟೋಸ್ಟ್ ತಂಡ ಹೈಡ್ರಾಕ್ಸಿ ಎಸ್ಟರುಗಳ ಮಿಶ್ರಣದಿಂದ ಬೇಡದ ಬದಿಯನ್ನು ಬರೀ ಆಮ್ಲಜನಕದಿಂದಲೇ ಉತ್ಕರ್ಷಿಸಿ ತೆಗೆಯಿತು. ಕಾಂಡಕೊರಕದ ಅಣುವಿನಲ್ಲೂ ಹೈಡ್ರಾಕ್ಸಿಲ್ ಗುಂಪಿನ ಮಗ್ಗುಲಲ್ಲೇ ಕಾರ್ಬೊನಿಲ್ ಇರುವ ಅಂಥದೇ ಜೋಡಣೆ ಇದೆ. ಆದರೆ ಈ ಸೋಸುವಿಕೆಯಲ್ಲಿ ಅರ್ಧ ಸರಕು ಬಲಿಯಾಗಲೇಬೇಕು. ನಿಸರ್ಗದಲ್ಲಿ ಒಂದೇ ಬದಿಯಲ್ಲಿ ಸಿಗುವ ವಸ್ತುವಿನಿಂದ ಆರಂಭಿಸುವುದು ಇನ್ನೊಂದು ದಾರಿ.

ಇಷ್ಟೆಲ್ಲ ಶ್ರಮದ ಫಲ ತೋಟದಲ್ಲಿ ತೂಗುವ ಮೋಹಕ ಬಲೆ. ಅದೊಂದೇ ಕೊರಕವನ್ನು ನಿರ್ನಾಮ ಮಾಡದು. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ದುಂಬಿ ಹಾರಾಡುವ ಹೊತ್ತನ್ನು ಅದು ತಿಳಿಸುತ್ತದೆ. ಮರದ ನೆರಳು ಕಾಯುವುದು, ಸಡಿಲ ತೊಗಟೆ ಉಜ್ಜುವುದು, ಕೊರಕ ಹೊಕ್ಕ ಗಿಡವನ್ನು ಕಾಲಕ್ಕೆ ಸರಿಯಾಗಿ ಕೀಳುವುದು ಬೆಳೆಗಾರನಿಗೆ ತಪ್ಪಿದ್ದಲ್ಲ. ಆದರೆ ಕಣ್ಣಿಗೆ ಕಾಣದ ಶತ್ರುವಿನ ಗುಟ್ಟು ಮೊದಲೇ ತಿಳಿದರೆ, ಗಿಡವೊಂದು ಉಳಿದರೂ ಅದು ಹಲವು ವರ್ಷಗಳ ದುಡಿಮೆ ಉಳಿದಂತೆ.