ಬಂಗುಡೆ ಅಲ್ಲದ ಬಂಗುಡೆ

ಪ್ರಶ್ನೆ: ಲಂಡನ್‌ನಲ್ಲಿ ಬಂಗುಡೆ ಪುಳಿಮುಂಚಿ ಎಷ್ಟು ಸಲ ಮಾಡಿದರೂ ಊರಿನ ರುಚಿ ಬರುತ್ತಿಲ್ಲ. ಮಸಾಲೆ ಅಮ್ಮ ಕಳಿಸಿದ್ದೇ. ತಪ್ಪೆಲ್ಲಿ?

ಉತ್ತರ: ಅಮ್ಮನ ಮಸಾಲೆಯನ್ನು ದೂರಬೇಡಿ, ಮೀನೇ ಬೇರೆ. ಅಲ್ಲಿ ಮ್ಯಾಕರೆಲ್ ಎಂದು ಮಾರುವುದು ಅಟ್ಲಾಂಟಿಕ್ ಸಾಗರದ್ದು. ನಮ್ಮ ಬಂಗುಡೆಗೆ ದಾಯಾದಿ ಅಷ್ಟೆ. ಬೆನ್ನು ನೋಡಿ, ಹುಲಿಪಟ್ಟೆಯಂಥ ಅಂಕುಡೊಂಕು ಗೆರೆಗಳಿರುತ್ತವೆ. ತಣ್ಣೀರಿನ ಈ ಮೀನು ಬೇಸಿಗೆಯಿಡೀ ತಿಂದು, ಶರತ್ಕಾಲದ ಹೊತ್ತಿಗೆ ಮಾಂಸದಲ್ಲಿ ಶೇ. 20ಕ್ಕೂ ಹೆಚ್ಚು ಕೊಬ್ಬು ತುಂಬಿಕೊಂಡಿರುವುದುಂಟು. ಆ ಜಿಡ್ಡಿನ ಮುಂದೆ ನಿಮ್ಮ ಹುಣಸೆಹುಳಿ ಸೋಲುತ್ತದೆ. ಎಣ್ಣೆ ಇಳಿಸಿ, ಹುಳಿ ಏರಿಸಿ. ಮೀನು ಮೆದು, ಸೌಟು ಆಡಿಸದೆ ಪಾತ್ರೆಯನ್ನೇ ಅಲುಗಿಸಿ.

ಹುಳಿಯ ಮರ್ಮ ಯುರೋಪಿನವರಿಗೂ ಗೊತ್ತು. ಇಂಗ್ಲಿಷರು ಈ ಮೀನಿಗೆ ಗೂಸ್‌ಬೆರ್ರಿ ಸಾಸ್ ಹಚ್ಚಿ ತಿನ್ನುವುದು ಹಳೆಯ ರೂಢಿ (ಅದು ನಮ್ಮ ನೆಲ್ಲಿಕಾಯಿಯಲ್ಲ). ಫ್ರೆಂಚರಂತೂ ಆ ಹಣ್ಣಿನ ಹೆಸರಿಗೇ ಮ್ಯಾಕರೆಲ್ ಸೇರಿಸಿದ್ದಾರೆ: ‘ಗ್ರೋಸೆಯ್ ಆ ಮಾಕ್ರೋ’. ಹೋಟೆಲಿನಲ್ಲಿ ಕಂಡರೆ ಬಿಡಬೇಡಿ. ಹೊಗೆಯಾಡಿಸಿದ ಮ್ಯಾಕರೆಲ್ ಬ್ರೆಡ್ಡಿಗೆ ಸೊಗಸು, ಸಾರಿಗೆ ಬೇಡ. ಬೂತಾಯಿಯ ನೆನಪಾದರೆ ಕಾರ್ನ್‌ವಾಲ್ ಸಾರ್ಡೀನ್ ತನ್ನಿ. ರವೆ ಹಚ್ಚಿ ಹುರಿದಾಗ ಹತ್ತಿರ ಬರುತ್ತದೆ. ಆಗ ತಾನೇ ಹಿಡಿದ ಕಾಣೆ ಬೇಕೆಂದರೆ ಮಾತ್ರ ಊರಿನ ರಜೆಗೇ ಕಾಯಬೇಕು.