ಪಕ್ಕದ ಮನೆಗೆ ಮೊದಲೇ ಬಿದ್ದ ಸಿಕ್ಸರ್

ಐಪಿಎಲ್ ಶುರುವಾಯಿತೆಂದರೆ ಅಪಾರ್ಟ್‌ಮೆಂಟುಗಳಲ್ಲಿ ಈ ತಮಾಷೆ ತಪ್ಪಿದ್ದಲ್ಲ. ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ, ಅಷ್ಟರಲ್ಲಿ ಗೋಡೆಯಾಚೆಯಿಂದ ‘ಸಿಕ್ಸ್!’ ಎಂಬ ಕೂಗು ಬಂದಾಗಿರುತ್ತದೆ. ಅವರ ಮನೆಯಲ್ಲಿರುವುದು ಡಿಶ್. ನಮ್ಮ ಮನೆಯಲ್ಲಿರುವುದು ಟಿವಿಯ ಬೆನ್ನಿಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಡಬ್ಬಿ.

ದೂರದ ಲೆಕ್ಕ ನೋಡಿದರೆ ಇದು ತಲೆಕೆಳಗಾಗಬೇಕಿತ್ತು. ಡಿಶ್‌ನ ಚಿತ್ರ 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಏರಿ, ಅಷ್ಟೇ ದೂರ ಇಳಿದು ಬರಬೇಕು. ಡಬ್ಬಿಗೆ ಬರುವ ಚಿತ್ರ ಬಹಳ ಸಲ ನಮ್ಮದೇ ಊರಿನ ಅಥವಾ ಹತ್ತಿರದ ನಗರದ ಸರ್ವರ್‌ನಿಂದ ಬರುತ್ತದೆ. ಆದರೆ ಉಪಗ್ರಹದ ಆ ಪಯಣಕ್ಕೆ ಹಿಡಿಯುವುದು ಬರೀ ಕಾಲು ಸೆಕೆಂಡು. ಡಬ್ಬಿ ಹಿಂದೆ ಬೀಳುವುದು ದಾರಿಯ ದೆಸೆಯಿಂದಲ್ಲ, ಅದು ಬೇಕೆಂದೇ ತಡಮಾಡುತ್ತದೆ.

ಇಂಟರ್ನೆಟ್‌ನಲ್ಲಿ ವಿಡಿಯೊ ಎಡೆಬಿಡದ ಧಾರೆಯಾಗಿ ಹರಿದು ಬರುವುದಿಲ್ಲ, ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. 2009ರಲ್ಲಿ ಆಪಲ್ ಹೊರತಂದ ಎಚ್‌ಎಲ್‌ಎಸ್ ಎಂಬ ಪದ್ಧತಿಯಲ್ಲಿ ಈಗ ಒಂದು ತುಂಡು ಸಾಮಾನ್ಯವಾಗಿ ಆರು ಸೆಕೆಂಡಿನದು. ಮೂರ್ನಾಲ್ಕು ತುಂಡುಗಳಾದರೂ ಕೈಸೇರದೆ ಡಬ್ಬಿ ಆಟ ತೋರಿಸಲು ಒಪ್ಪುವುದಿಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬಂದೀತೆಂದು ನಂಬುವಂತಿಲ್ಲ ಎಂದೇ ನಾವು ಮಾಳಿಗೆಯ ಮೇಲೆ ಟ್ಯಾಂಕ್ ಇಟ್ಟುಕೊಳ್ಳುತ್ತೇವಲ್ಲ, ಬಫರ್ ಎನ್ನುವುದು ಅದೇ. ತುಂಡು ತಯಾರಾಗುವ ಸಮಯ, ಟ್ಯಾಂಕ್ ತುಂಬುವ ಸಮಯ ಎರಡನ್ನೂ ಕೂಡಿದರೆ ಇಪ್ಪತ್ತು-ಮೂವತ್ತು ಸೆಕೆಂಡು ಹೋಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಮುಂದಿನ ಬಾಲ್ ನೋಡುತ್ತಿರುತ್ತಾರೆ.

ಪ್ರತಿ ತುಂಡೂ ಸರ್ವರ್‌ನಲ್ಲಿ ಹಲವು ಗುಣಮಟ್ಟಗಳಲ್ಲಿ ಸಿದ್ಧವಿರುತ್ತದೆ. ಯಾವುದು ಬೇಕೆಂದು ಆರಿಸುವುದು ಸರ್ವರ್ ಅಲ್ಲ, ನಮ್ಮ ಡಬ್ಬಿ. ಹಿಂದಿನ ತುಂಡು ಎಷ್ಟು ಬೇಗ ಬಂತು, ಬಫರ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಂಡು ಮುಂದಿನದನ್ನು ಕೇಳುತ್ತದೆ. ಸಿನಿಮಾದ ಮೊದಲ ದೃಶ್ಯ ಮಸುಕಾಗಿದ್ದು, ಕ್ಷಣದಲ್ಲೇ ನಾಯಕನ ಗಡ್ಡದ ಕೂದಲು ಎಣಿಸುವಷ್ಟು ಸ್ಪಷ್ಟವಾಗುವುದು ಇದರಿಂದಲೇ. ನೆಟ್‌ವರ್ಕ್ ಎಂಥದೆಂದು ತಿಳಿಯುವವರೆಗೆ ಡಬ್ಬಿ ಹುಷಾರಾಗಿ ಕಡಿಮೆಯದನ್ನೇ ತರಿಸಿಕೊಳ್ಳುತ್ತದೆ.

ಇಷ್ಟೆಲ್ಲ ಸಾಧ್ಯವಾಗುವುದಕ್ಕೆ ಮೊದಲು ಇನ್ನೊಂದು ಕೆಲಸ ಆಗಬೇಕು, ನನ್ನ ಮಟ್ಟಿಗೆ ನಿಜವಾದ ಅಚ್ಚರಿ ಅದು. ಫುಲ್ ಎಚ್‌ಡಿಯ ಒಂದು ಚಿತ್ರದಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳು. ಚುಕ್ಕಿಯೊಂದರ ಬಣ್ಣ ಹೇಳಲು 24 ಬಿಟ್, ಸೆಕೆಂಡಿಗೆ 24 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 120 ಕೋಟಿ ಬಿಟ್! ಎರಡೂವರೆ ಗಂಟೆಯ ಸಿನಿಮಾಕ್ಕೆ 1,300 ಜಿಬಿ ದಾಟುತ್ತದೆ. ಅದೇ ಸಿನಿಮಾ ನಮ್ಮ ಮನೆಗೆ ಸೆಕೆಂಡಿಗೆ 50 ಲಕ್ಷ ಬಿಟ್‌ನಲ್ಲಿ ಚೆನ್ನಾಗಿಯೇ ಬರುತ್ತದೆ. ಅಂದರೆ 240ರಲ್ಲಿ ಒಂದು ಪಾಲು ಬಂತು, ಮಿಕ್ಕ 239 ಪಾಲು ಮನೆಗೆ ಬರಲೇ ಇಲ್ಲ.

ಆ ಪಾಲುಗಳನ್ನು ಬಿಟ್ಟು ಕಳಿಸುವ ದಾರಿ ತೋರಿದವರಲ್ಲಿ ಮುಖ್ಯರಾದವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕೆ.ಆರ್. ಸರ್ಕಲ್‌ನ ಈಗಿನ ಯುವಿಸಿಇಯಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿದವರು. ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಚಿತ್ರವನ್ನು ಕೊಸೈನ್ ಅಲೆಗಳಾಗಿ ಬಿಡಿಸುವ ಯೋಜನೆಗೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಿಂದ ಹಣ ಕೇಳಿದರು. ಸಿಗಲಿಲ್ಲ. ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರಿಗೆ ಅನ್ನಿಸಿತಂತೆ. ಅಹ್ಮದ್ ಕೈಬಿಡದೆ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ 1974ರ ಜನವರಿಯಲ್ಲಿ ನಾಲ್ಕೇ ಪುಟದ ಪ್ರಬಂಧ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ, ಜಗತ್ತಿಗೆ ಬಂದದ್ದು ಹಾಗೆ.

ಚಿತ್ರದ ಒಂದು ಮೂಲೆಯಿಂದ 8 × 8 ಚುಕ್ಕಿಗಳ ಚೌಕ ತೆಗೆದುಕೊಳ್ಳಿ. 64 ಚುಕ್ಕಿಗೆ 64 ಸಂಖ್ಯೆ. ಡಿಸಿಟಿ ಇವನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಇಡೀ ಚೌಕದ ಸರಾಸರಿ ಹೊಳಪು. ಮುಂದಿನವು ಹೊಳಪು ನಿಧಾನವಾಗಿ ಎಷ್ಟು ಏರಿಳಿಯಿತು ಎಂಬುದನ್ನೂ, ಕೊನೆಯವು ಅತಿ ಸೂಕ್ಷ್ಮ ಏರಿಳಿತವನ್ನೂ ಹೇಳುತ್ತವೆ. ಆಕಾಶ, ಗೋಡೆ, ಕೆನ್ನೆ ಇಂಥವುಗಳಲ್ಲಿ ಕೊನೆಯ ಸಂಖ್ಯೆಗಳು ಸೊನ್ನೆಯ ಆಸುಪಾಸಿನಲ್ಲೇ ಇರುತ್ತವೆ. ಅವನ್ನು ಪೂರಾ ಸೊನ್ನೆ ಮಾಡಿಬಿಟ್ಟರೂ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಹತ್ತಾರು ಸೊನ್ನೆಗಳನ್ನು ‘ಇಲ್ಲಿಂದಾಚೆ ಏನೂ ಇಲ್ಲ’ ಎಂಬ ಒಂದೇ ಗುರುತಿನಲ್ಲಿ ಕಳಿಸಿದರಾಯಿತು. 2003ರ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1 ಎಂಬ ವಿಡಿಯೊ ಕುಗ್ಗಿಸುವ ಪದ್ಧತಿಗಳೆಲ್ಲ ಚೌಕದ ಅಳತೆ ಬದಲಿಸಿಕೊಂಡು, ಲೆಕ್ಕ ಚುರುಕು ಮಾಡಿಕೊಂಡು ಈ ದಾರಿಯಲ್ಲೇ ನಡೆದವು.

ಉಳಿದ ಉಳಿತಾಯ ಚಿತ್ರ-ಚಿತ್ರಗಳ ನಡುವಿನ ಹೋಲಿಕೆಯಿಂದ. ವಾರ್ತೆ ಓದುವವರ ಹಿಂದಿನ ಪರದೆ ಅಲುಗಾಡುವುದಿಲ್ಲ. ಅದನ್ನು ಒಮ್ಮೆ ಕಳಿಸಿ, ಆಮೇಲೆ ತುಟಿ-ಹುಬ್ಬುಗಳ ಚಲನೆ ಹೇಳಿದರೆ ಸಾಕು. ಈ ಯುಕ್ತಿ ಸೋಲುವುದನ್ನು ಕಾಣಬೇಕಾದರೆ ಮಳೆಗಾಲದ ಜೋಗದ ವಿಡಿಯೊ ಹಾಕಿ. ನೀರಿನ ಒಂದೊಂದು ಹನಿಯೂ ತನ್ನಷ್ಟಕ್ಕೆ ಬೀಳುತ್ತದೆ, ಹಿಂದಿನ ಚಿತ್ರದಿಂದ ಸಾಲ ಪಡೆಯಲು ಏನೂ ಇಲ್ಲ. ನೆಟ್ ಸ್ವಲ್ಪ ನಿಧಾನವಾದರೂ ಸಾಕು, ಜಲಪಾತ ಕಲಸಿಹೋಗುತ್ತದೆ. ಹತ್ತಿರ ಹೋಗಿ ನೋಡಿದರೆ ಚೌಕಗಳ ಅಂಚು ಕೂಡ ಕಂಡೀತು. ಕ್ರೀಡಾಂಗಣದ ಹುಲ್ಲು, ಗ್ಯಾಲರಿಯ ಜನ, ಹಾರುವ ಕಾಗದದ ಚೂರುಗಳದ್ದೂ ಇದೇ ಪಾಡು.

ಬಿಡಿಸಿ ಕಳಿಸಿದ್ದನ್ನು ಮತ್ತೆ ಕೂಡಿಸಲು ಡಬ್ಬಿಯ ಚಿಪ್‌ನಲ್ಲಿ ಅದಕ್ಕೆಂದೇ ಮೀಸಲಾದ ಡಿಕೋಡರ್ ಇರುತ್ತದೆ. ಹಳೆಯ ಡಬ್ಬಿಗೆ ಹೊಸ ಎವಿ1 ಅರ್ಥವಾಗದಿರುವುದು ಇದಕ್ಕೇ. ಇದು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಸರಿಹೋಗುವ ಮಾತಲ್ಲ, ಕೊಳ್ಳುವಾಗ ವಿಚಾರಿಸಿಕೊಳ್ಳಬೇಕು.

ಕೊಂಡ ಮೇಲೆ ಒಂದು ಸೆಟ್ಟಿಂಗ್ ನೋಡುವುದು ಒಳ್ಳೆಯದು. ಸಿನಿಮಾ ಸೆಕೆಂಡಿಗೆ 24 ಚಿತ್ರ, ಡಬ್ಬಿ ಸಾಮಾನ್ಯವಾಗಿ ಟಿವಿಗೆ ಕಳಿಸುವುದು 60. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಚಿತ್ರ ತೋರಿಸಲಾಗದ್ದರಿಂದ ಒಂದನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತದೆ. ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನ ಉದ್ದಕ್ಕೂ ತಿರುಗುವಾಗ ದೃಶ್ಯ ಸಣ್ಣಗೆ ಮುಗ್ಗರಿಸುವುದು ಇದರಿಂದ. ಹಲವು ಡಬ್ಬಿಗಳ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬಂಥ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿದರೆ, ಟಿವಿಯೂ ಆ್ಯಪ್ ಕೂಡ ಒಪ್ಪಿದಲ್ಲಿ, ಸಿನಿಮಾ ತನ್ನ 24ರ ಲಯದಲ್ಲೇ ಓಡುತ್ತದೆ. ಸಿನಿಮಾ ಶುರುವಾಗುವಾಗ ಪರದೆ ಒಂದೆರಡು ಸೆಕೆಂಡು ಪೂರ್ತಿ ಕಪ್ಪಾಗಬಹುದು. ಡಬ್ಬಿ ಮತ್ತು ಟಿವಿ ಎಚ್‌ಡಿಎಂಐ ಮೂಲಕ ಹೊಸ ವೇಗ ಗೊತ್ತುಮಾಡಿಕೊಳ್ಳುತ್ತಿರುತ್ತವೆ, ಅಷ್ಟೇ. ಗಾಬರಿಯಾಗಿ ವೈರ್ ಕೀಳಬೇಡಿ.