ಟ್ರ್ಯಾಕ್ಟರಿನ ಬ್ಯಾಟರಿ: ಅದರ ಪರೀಕ್ಷೆ, ಪಾಲನೆ ಮತ್ತು ಬದಲಾವಣೆ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹೊಲವು ಹದಕ್ಕೆ ಬಂದಾಗ ರೈತನಿಗೆ ದೊರೆಯುವ ಅವಕಾಶವು ಕೆಲವೇ ದಿನಗಳದ್ದಾಗಿರುತ್ತದೆ. ಮರಳು ಮಿಶ್ರವಾದ ಕೆಂಪು ಭೂಮಿಯಲ್ಲಿ ಬಿಸಿಲು ಬಲವಾದರೆ ಈ ಹದವು ಬಹು ಬೇಗ ಆರಿಹೋಗುತ್ತದೆ. ಅಂಥ ದಿನ ಬೆಳಗ್ಗೆ ಟ್ರ್ಯಾಕ್ಟರಿನ ಕೀಲಿಕೈಯನ್ನು ತಿರುಗಿಸಿದಾಗ ಬರಿಯ ಟಕ್ ಎಂಬ ಶಬ್ದ ಬಂದು ಎಂಜಿನು ಹೊರಡದಿದ್ದರೆ ಆಗುವ ನಷ್ಟವು ಯಜಮಾನನೊಬ್ಬನದೇ ಅಲ್ಲ. ಅದೇ ಟ್ರ್ಯಾಕ್ಟರನ್ನು ಬಾಡಿಗೆಗೆ ನಂಬಿ ಕಾದಿರುವ ಊರಿನ ಸಣ್ಣ ಹಿಡುವಳಿದಾರರ ಬಿತ್ತನೆಯೂ ಹಿಂದೆ ಬೀಳುತ್ತದೆ. ಆದಕಾರಣ ಈ ವಿಷಯವು ಗ್ರಾಮದ ಮುಖಂಡರೂ ಜಮೀನುದಾರರೂ ಅವಶ್ಯವಾಗಿ ಲಕ್ಷ್ಯಕ್ಕೆ ತಂದುಕೊಳ್ಳತಕ್ಕದ್ದಾಗಿದೆ.

ಇಂಥ ಸಮಯದಲ್ಲಿ ಬ್ಯಾಟರಿಯು ಸತ್ತಿತೆಂದು ತೀರ್ಮಾನಿಸಿ, ಪೇಟೆಗೆ ಹೋಗಿ ಹೊಸದನ್ನು ಕೊಂಡುತರುವ ವಾಡಿಕೆ ಹಲವರಲ್ಲಿದೆ. ವಾಸ್ತವದಲ್ಲಿ ಕೆಲವು ವೇಳೆ ಬ್ಯಾಟರಿಯು ಬರಿದಾಗಿರುತ್ತದೆಯೇ ಹೊರತು ಕೆಟ್ಟಿರುವುದಿಲ್ಲ; ಕೆಲವು ವೇಳೆ ದೋಷವು ತಂತಿಯಲ್ಲಿಯೋ ಬೆಲ್ಟಿನಲ್ಲಿಯೋ ಇರುತ್ತದೆ. ನಿಜವಾಗಿ ಕೆಟ್ಟಿದ್ದರೂ ಅದು ಅನೇಕ ವೇಳೆ ದುಡಿದು ಕೆಟ್ಟಿರುವುದಿಲ್ಲ, ನಿಂತು ಕೆಟ್ಟಿರುತ್ತದೆ. ಉಳುಮೆಯಿಲ್ಲದ ತಿಂಗಳುಗಳಲ್ಲಿ ಎತ್ತಿಗೆ ಮೇವು ನಿಲ್ಲಿಸುವ ರೈತನು ಯಾವ ಊರಿನಲ್ಲಿಯೂ ಇಲ್ಲ. ಬ್ಯಾಟರಿಯ ವಿಷಯದಲ್ಲಿಯೂ ಇದೇ ನ್ಯಾಯವೆಂಬುದನ್ನು ತಿಳಿಯುವುದು ಮುಖ್ಯ.

೧. ಬ್ಯಾಟರಿಯ ರಚನೆ

ಸೀಸದ ಬ್ಯಾಟರಿಯನ್ನು ೧೮೫೯ ರಲ್ಲಿ ಫ್ರಾನ್ಸ್ ದೇಶದ ಗಾಸ್ತೋನ್ ಪ್ಲಾಂಟೆ ಎಂಬ ವಿಜ್ಞಾನಿಯು ನಿರ್ಮಿಸಿದನು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬುವನು ರಚಿಸಿದ ವಿದ್ಯುತ್ ಸ್ಟಾರ್ಟರು ೧೯೧೨ ರ ಕ್ಯಾಡಿಲಾಕ್ ಮೋಟಾರು ಗಾಡಿಗಳಲ್ಲಿ ಬಳಕೆಗೆ ಬಂದ ಮೇಲೆ, ಹಿಡಿಯನ್ನು ಕೈಯಿಂದ ತಿರುಗಿಸಿ ಎಂಜಿನನ್ನು ಹೊರಡಿಸುವ ಕಷ್ಟವು ಕ್ರಮೇಣ ತಪ್ಪುತ್ತ ಬಂದಿತು.

ಟ್ರ್ಯಾಕ್ಟರಿನ ಬ್ಯಾಟರಿಯು ಸಾಮಾನ್ಯವಾಗಿ ೧೨ ವೋಲ್ಟಿನದು. ಅದರೊಳಗೆ ಆರು ಕೋಣೆಗಳಿದ್ದು, ಒಂದೊಂದು ಕೋಣೆಯೂ ಎರಡು ವೋಲ್ಟಿಗೆ ಸ್ವಲ್ಪ ಮೇಲ್ಪಟ್ಟ ಒತ್ತಡವನ್ನು ಕೊಡುತ್ತದೆ. ಪ್ರತಿ ಕೋಣೆಯಲ್ಲಿಯೂ ಕಂದು ಬಣ್ಣದ ಸೀಸದ ಆಕ್ಸೈಡಿನ ಪ್ಲೇಟುಗಳೂ ಬೂದು ಬಣ್ಣದ ಮೆದು ಸೀಸದ ಪ್ಲೇಟುಗಳೂ ಒಂದು ಬಿಟ್ಟು ಒಂದರಂತೆ ನಿಂತಿರುತ್ತವೆ. ಇವು ಮುಳುಗಿರುವುದು ನೀರು ಬೆರೆಸಿದ ಗಂಧಕಾಮ್ಲದಲ್ಲಿ. ವಿದ್ಯುತ್ತು ಹೊರಗೆ ಹರಿದಂತೆಲ್ಲ ಆಮ್ಲವು ಪ್ಲೇಟುಗಳೊಡನೆ ಕೂಡಿ ಸೀಸದ ಸಲ್ಫೇಟಾಗುತ್ತದೆ, ದ್ರವವು ನೀರಾಗುತ್ತ ಹಗುರವಾಗುತ್ತದೆ. ಎಂಜಿನು ಓಡುವಾಗ ಆಲ್ಟರ್ನೇಟರು ವಿದ್ಯುತ್ತನ್ನು ಹಿಂದಕ್ಕೆ ತುಂಬಿದರೆ ಆಮ್ಲವು ಪುನಃ ದ್ರವಕ್ಕೆ ಬಂದು ಸೇರುತ್ತದೆ. ದ್ರವದ ತೂಕವನ್ನು ನೋಡಿ ಬ್ಯಾಟರಿಯ ಬಲವನ್ನು ಹೇಳಬಹುದಾದುದು ಈ ಕಾರಣದಿಂದಲೇ.

೨. ಬ್ಯಾಟರಿಯು ಕೆಡುವ ಬಗೆ

ಎಂಜಿನನ್ನು ಹೊರಡಿಸುವುದರಿಂದ ಬ್ಯಾಟರಿಯು ಬರಿದಾಗುವುದೆಂಬ ಭಾವನೆ ಸರಿಯಲ್ಲ. ಸ್ಟಾರ್ಟರು ೨೫೦ ಆಂಪಿಯರುಗಳಷ್ಟು ಎಳೆದರೂ ಆ ಕೆಲಸವು ಐದು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರ ಖರ್ಚು ಒಂದು ಆಂಪಿಯರ್-ಅವರಿನ ಮೂರರಲ್ಲೊಂದು ಪಾಲು ಮಾತ್ರ. ಆದರೆ ಎಂಜಿನು ನಿಂತ ಮೇಲೆ ಮುಂದಿನ ಎರಡು ದೀಪಗಳನ್ನು ಆರಿಸದೆ ಬಿಟ್ಟರೆ ಗಂಟೆಗೆ ಸುಮಾರು ೮ ಆಂಪಿಯರ್-ಅವರ್ ವ್ಯಯವಾಗಿ, ೭೫ ಆಂಪಿಯರ್-ಅವರಿನ ಬ್ಯಾಟರಿಯು ಬೆಳಗಾಗುವುದರೊಳಗೆ ಬರಿದಾಗುತ್ತದೆ. ಕಣದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸಿ ಹೊತ್ತುಗಟ್ಟಲೆ ಹಾಡು ಹಾಕುವುದರಿಂದಲೂ ಇದೇ ಫಲವುಂಟು.

ಬರಿದಾದ ಬ್ಯಾಟರಿಯನ್ನು ಒಡನೆಯೇ ತುಂಬಿದರೆ ದೊಡ್ಡ ಹಾನಿಯಿಲ್ಲ. ಹಾಗೆಯೇ ಬಿಟ್ಟರೆ ಪ್ಲೇಟುಗಳ ಮೇಲಿನ ಸಲ್ಫೇಟು ದಿನೇ ದಿನೇ ಗಟ್ಟಿ ಹರಳಾಗಿ ಕೂಡುತ್ತದೆ. ಅನಂತರ ಎಷ್ಟು ವಿದ್ಯುತ್ತು ತುಂಬಿದರೂ ಅದು ಪೂರ್ತಿಯಾಗಿ ಕರಗದು. ಯಾವ ಕೆಲಸವನ್ನೂ ಮಾಡದೆ ನಿಂತ ಬ್ಯಾಟರಿಯು ಸಹ ತನ್ನಷ್ಟಕ್ಕೆ ತಾನೇ ಸೋರುತ್ತಿರುತ್ತದೆ, ಮತ್ತು ಬೇಸಗೆಯ ಕಾವಿನಲ್ಲಿ ಈ ಸೋರಿಕೆ ಹೆಚ್ಚು. ರಾಗಿಯ ಒಕ್ಕಣೆ ಮುಗಿದಂದಿನಿಂದ ಭರಣಿ ಮಳೆಯವರೆಗೆ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರು, ಬೇಕಾದ ದಿನವೇ ಕೈಕೊಡುವುದಕ್ಕೆ ಇದೇ ಮುಖ್ಯ ಕಾರಣ.

ಉಳಿದ ಕಾರಣಗಳು ಮೂರು: ದ್ರವವು ಇಳಿದು ಪ್ಲೇಟುಗಳು ಗಾಳಿಗೆ ಒಡ್ಡಿಕೊಳ್ಳುವುದು, ಪಟ್ಟಿಯು ಸಡಿಲವಾಗಿ ಬ್ಯಾಟರಿಯು ಉಬ್ಬು ತಗ್ಗುಗಳಲ್ಲಿ ಕುಲುಕಿ ಪ್ಲೇಟಿನ ಪದಾರ್ಥವು ಉದುರುವುದು, ಮಿತಿಮೀರಿ ವಿದ್ಯುತ್ತು ತುಂಬಿ ಕಾವೇರುವುದು.

೩. ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ಕೆಳಗಿನ ಕ್ರಮದಲ್ಲಿಯೇ ನಡೆಸುವುದು ಲೇಸು. ಸುಲಭವಾದುದು ಮೊದಲು, ಖರ್ಚಿನದು ಕೊನೆಗೆ.

(ಅ) ದೀಪದ ಪರೀಕ್ಷೆ. ದೀಪವನ್ನು ಹೊತ್ತಿಸಿ ಕೀಲಿಕೈ ತಿರುಗಿಸಬೇಕು. ಟಕ್ ಎಂಬ ಶಬ್ದದೊಡನೆ ದೀಪವು ತೀರ ಮಂಕಾದರೆ ಬ್ಯಾಟರಿಯು ಬಲಹೀನವಾಗಿದೆ, ಇಲ್ಲವೆ ತಂತಿಯ ಹಿಡಿತವು ಕೆಟ್ಟಿದೆ. ದೀಪವು ಪ್ರಕಾಶವಾಗಿಯೇ ಇದ್ದರೆ ದೋಷವು ಹೆಚ್ಚಾಗಿ ಸ್ಟಾರ್ಟರಿನ ಕಡೆಯದು. ಶಬ್ದವೇ ಇಲ್ಲದಿದ್ದರೆ ಗೇರು ನ್ಯೂಟ್ರಲಿನಲ್ಲಿದೆಯೇ, ಕ್ಲಚ್ಚು ಪೂರ್ತಿ ಒತ್ತಿದೆಯೇ, ಫ್ಯೂಸು ಸರಿಯಾಗಿದೆಯೇ ಎಂಬುದನ್ನು ನೋಡಬೇಕು.

(ಆ) ಟರ್ಮಿನಲುಗಳು. ಇವುಗಳ ಮೇಲೆ ಬಿಳಿಯ ಅಥವಾ ಹಸಿರು ಬಣ್ಣದ ಕಿಲುಬು ಕಟ್ಟಿದ್ದರೆ ವಿದ್ಯುತ್ತು ಸರಾಗವಾಗಿ ಹರಿಯದು. ತೊಳೆದು ಬಿಗಿಮಾಡಿದ ಮಾತ್ರದಿಂದಲೇ ಎಂಜಿನು ಹೊರಡುವುದುಂಟು.

(ಇ) ಹೈಡ್ರಾಮೀಟರು. ಕಡಮೆ ಬೆಲೆಯ ಈ ಗಾಜಿನ ಉಪಕರಣವು ಪ್ರತಿ ಟ್ರ್ಯಾಕ್ಟರಿನ ಯಜಮಾನನ ಮನೆಯಲ್ಲಿಯೂ ಇರತಕ್ಕದ್ದು. ಬಿರಡೆಯನ್ನು ತೆಗೆದು ದ್ರವವನ್ನು ಹೀರಿ, ತೇಲುವ ಕಡ್ಡಿಯ ಮೇಲಿನ ಅಂಕೆಯನ್ನು ಕಣ್ಣಿನ ಮಟ್ಟದಲ್ಲಿ ಓದಬೇಕು. ೨೭ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅಂಕೆಗಳ ಅರ್ಥವು ಸುಮಾರಾಗಿ ಹೀಗಿದೆ:

೧.೨೪೦ ರಿಂದ ೧.೨೬೦: ಪೂರ್ಣವಾಗಿ ತುಂಬಿದೆ.
೧.೧೯೦ ರ ಆಸುಪಾಸು: ಅರ್ಧ ತುಂಬಿದೆ.
೧.೧೨೦ ಮತ್ತು ಅದಕ್ಕೆ ಕಡಮೆ: ಬರಿದಾಗಿದೆ.

ದ್ರವವು ಇದಕ್ಕಿಂತ ೧೦ ಡಿಗ್ರಿ ಹೆಚ್ಚು ಕಾವಿನಲ್ಲಿದ್ದರೆ ಓದಿದ ಅಂಕೆಗೆ ೦.೦೦೭ ಕೂಡಿಸಿಕೊಳ್ಳಬೇಕು. ನೀರು ಹಾಕಿದ ಕೂಡಲೆ ಈ ಪರೀಕ್ಷೆ ಮಾಡಿದರೆ ನಿಜವು ತಿಳಿಯದು. ಆರು ಕೋಣೆಗಳ ಅಂಕೆಗಳೂ ಸಮನಾಗಿ ಕಡಮೆಯಿದ್ದರೆ ಬ್ಯಾಟರಿಯು ಬರಿದಾಗಿದೆಯೆಂದು ಅರ್ಥ, ತುಂಬಿಸಿದರೆ ಸುಧಾರಿಸಬಹುದು. ಐದು ಕೋಣೆಗಳು ಸರಿಯಾಗಿದ್ದು ಒಂದು ಮಾತ್ರ ೦.೦೫೦ ಕ್ಕಿಂತ ಹೆಚ್ಚು ಕೆಳಗಿದ್ದರೆ, ಮತ್ತು ತುಂಬಿಸಿದ ಮೇಲೆಯೂ ಅದು ಮೇಲೇಳದಿದ್ದರೆ, ಆ ಕೋಣೆಯು ಕೆಟ್ಟಿದೆ. ಇಂಥ ಬ್ಯಾಟರಿಯನ್ನು ಬದಲಾಯಿಸದೆ ಗತ್ಯಂತರವಿಲ್ಲ.

(ಈ) ವೋಲ್ಟ್ ಮೀಟರು. ಬಿರಡೆಗಳಿಲ್ಲದ ಮುಚ್ಚಿದ ಬ್ಯಾಟರಿಗೆ ಇದೇ ಆಧಾರ. ಎಂಜಿನು ನಿಂತು ಒಂದು ರಾತ್ರಿ ಕಳೆದ ಮೇಲೆ ೧೨.೫ ವೋಲ್ಟು ಅಥವಾ ಹೆಚ್ಚು ತೋರಿದರೆ ಪೂರ್ಣ, ೧೨.೨ ತೋರಿದರೆ ಅರ್ಧ, ೧೧.೮ ತೋರಿದರೆ ಬರಿದು. ೧೦.೫ ರ ಆಸುಪಾಸಿನಲ್ಲಿಯೇ ನಿಂತಿದ್ದರೆ ಒಂದು ಕೋಣೆಯು ಸತ್ತಿರುವ ಸಂಶಯಕ್ಕೆ ಎಡೆಯುಂಟು.

(ಉ) ಭಾರದ ಪರೀಕ್ಷೆ. ಪೂರ್ಣವಾಗಿ ತುಂಬಿದ ಬ್ಯಾಟರಿಯೂ ಭಾರ ಬಿದ್ದಾಗ ಕುಸಿಯಬಹುದು. ಎಂಜಿನು ಹೊರಡದಂತೆ ಅದನ್ನು ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಒಬ್ಬನು ಆಸನದಲ್ಲಿ ಕುಳಿತು ಹತ್ತು ಸೆಕೆಂಡು ಸ್ಟಾರ್ಟರನ್ನು ತಿರುಗಿಸಬೇಕು, ಮತ್ತೊಬ್ಬನು ಮೀಟರನ್ನು ನೋಡಬೇಕು. ಒತ್ತಡವು ೯.೬ ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯುಸ್ಸು ತೀರುತ್ತ ಬಂದಿದೆಯೆಂದು ತಿಳಿಯಬಹುದು.

(ಊ) ತುಂಬುವ ಏರ್ಪಾಡು. ಎಂಜಿನು ಸಾಧಾರಣ ವೇಗದಲ್ಲಿ ಓಡುವಾಗ ಬ್ಯಾಟರಿಯ ಮೇಲೆ ೧೩.೮ ರಿಂದ ೧೪.೫ ವೋಲ್ಟು ಇರಬೇಕು. ೧೩ ಕ್ಕಿಂತ ಕಡಮೆಯಿದ್ದರೆ ಬೆಲ್ಟು ಸಡಿಲವಾಗಿದೆಯೇ ಎಂದು ಮೊದಲು ನೋಡಿ, ಅನಂತರ ಆಲ್ಟರ್ನೇಟರನ್ನು ಪರೀಕ್ಷೆ ಮಾಡಿಸಬೇಕು. ೧೫ ನ್ನು ಮೀರಿದರೆ ನೀರು ಬೇಗ ಆರಿ ಪ್ಲೇಟುಗಳು ಹಾಳಾಗುತ್ತವೆ. ಈ ದೋಷವನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

೪. ಪಾಲನೆ

ಹದಿನೈದು ದಿನಕ್ಕೊಮ್ಮೆ ದ್ರವದ ಮಟ್ಟವನ್ನು ನೋಡಿ, ಪ್ಲೇಟುಗಳು ಪೂರ್ತಿ ಮುಳುಗಿ ಗುರುತಿನವರೆಗೆ ಬರುವಂತೆ ಭಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಆರುವುದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಆಮ್ಲವನ್ನು ಎಂದಿಗೂ ಸುರಿಯಕೂಡದು. ಕೊಳವೆ ಬಾವಿಯ ನೀರಿನಲ್ಲಿ ಸುಣ್ಣ, ಉಪ್ಪು, ಕಬ್ಬಿಣದ ಅಂಶಗಳಿದ್ದು ಅವು ಪ್ಲೇಟುಗಳನ್ನು ಕೆಡಿಸುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕುಡಿಯಲು ಒಳ್ಳೆಯದಾದರೂ, ಅದರಲ್ಲಿಯೂ ಸ್ವಲ್ಪ ಲವಣಾಂಶವು ಉಳಿದಿರುವ ಕಾರಣ ಬ್ಯಾಟರಿಗೆ ತಕ್ಕದ್ದಲ್ಲ.

ಟರ್ಮಿನಲುಗಳ ಕಿಲುಬನ್ನು ಅಡುಗೆ ಸೋಡ ಕದಡಿದ ನೀರಿನಿಂದ ತೊಳೆಯಬೇಕು. ಈ ನೀರು ಬಿರಡೆಗಳ ಒಳಕ್ಕೆ ಇಳಿಯಕೂಡದು. ಒರೆಸಿ ಬಿಗಿಮಾಡಿದ ಮೇಲೆ ವ್ಯಾಸಲೀನನ್ನು ತೆಳ್ಳಗೆ ಸವರಬೇಕು. ಬಿರಡೆಗಳಲ್ಲಿರುವ ಸಣ್ಣ ರಂಧ್ರಗಳು ಧೂಳಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಟ್ರ್ಯಾಕ್ಟರು ಬಹುದಿನ ನಿಲ್ಲುವುದಿದ್ದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ನೆಗೆಟಿವ್ ತಂತಿಯನ್ನು ಬಿಚ್ಚಿಡಬೇಕು. ತಿಂಗಳಿಗೊಮ್ಮೆ ಪುನಃ ತುಂಬಿಸಬೇಕು. ಎರಡು ನಿಮಿಷ ಎಂಜಿನು ಓಡಿಸಿ ನಿಲ್ಲಿಸಿದರೆ ಸಾಲದು. ಹೊರಗಿನ ಚಾರ್ಜರಿನಿಂದ ತುಂಬಿಸುವಾಗ ಆಂಪಿಯರ್-ಅವರಿನ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಬಿಡಕೂಡದು. ೭೫ ರ ಬ್ಯಾಟರಿಗೆ ಏಳೂವರೆ ಆಂಪಿಯರು ಮಿತಿ. ಗಂಟೆಗೊಂದರಂತೆ ಮೂರು ಸಲ ನೋಡಿದಾಗಲೂ ಹೈಡ್ರಾಮೀಟರಿನ ಅಂಕೆ ಏರದೆ ನಿಂತರೆ ತುಂಬಿತೆಂದು ತಿಳಿಯಬೇಕು.

ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ ಮನೆಯ ದೀಪಕ್ಕಾಗಲಿ, ಕಾಡುಹಂದಿ ತಡೆಯುವ ಸೋಲಾರ್ ಬೇಲಿಗಾಗಲಿ ಕಟ್ಟುವುದು ಮಿತವ್ಯಯದಂತೆ ಕಂಡರೂ ನಷ್ಟದ ಮಾರ್ಗ. ಸ್ಟಾರ್ಟರಿನ ಬ್ಯಾಟರಿಯ ಪ್ಲೇಟುಗಳು ತೆಳುವಾದುವು. ಅವು ಸ್ವಲ್ಪ ಹೊತ್ತು ಬಲವಾಗಿ ಕೊಡುವುದಕ್ಕೆ ತಕ್ಕವೇ ಹೊರತು, ರಾತ್ರಿಯೆಲ್ಲ ನಿಧಾನವಾಗಿ ಕೊಟ್ಟು ಬರಿದಾಗುವುದಕ್ಕಲ್ಲ.

೫. ಅಪಾಯಗಳು

ಬ್ಯಾಟರಿ ಸೋತಾಗ, ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರನ್ನೋ ಪಾನವನ್ನೋ ಅಡ್ಡ ಹಿಡಿದು ಎಂಜಿನನ್ನು ಹೊರಡಿಸುವ ಅಭ್ಯಾಸವೊಂದುಂಟು. ಇದು ಪ್ರಾಣಕ್ಕೆ ಎರವಾಗತಕ್ಕ ಅಭ್ಯಾಸ. ಗೇರು ಹಾಕಿದ್ದರೆ ಎಂಜಿನು ಹೊರಡದಂತೆ ತಯಾರಕರು ಇಟ್ಟಿರುವ ತಡೆಯು ಹೀಗೆ ಮಾಡಿದಾಗ ಕೆಲಸ ಮಾಡುವುದಿಲ್ಲ. ಗೇರು ಬಿದ್ದಿರುವ ಟ್ರ್ಯಾಕ್ಟರು ಥಟ್ಟನೆ ಮುಂದೆ ಹೊರಟರೆ, ಪಕ್ಕದಲ್ಲಿ ನಿಂತವನ ಮೇಲೆ ಹಿಂದಿನ ಚಕ್ರವು ಹಾಯುತ್ತದೆ. ಓಡಿ ತಪ್ಪಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಎಂಜಿನನ್ನು ಆಸನದಲ್ಲಿ ಕುಳಿತೇ ಹೊರಡಿಸಬೇಕೆಂಬ ನಿಯಮವನ್ನು ಯಜಮಾನರು ತಮ್ಮ ಚಾಲಕರಿಗೂ ಮನೆಯ ಹುಡುಗರಿಗೂ ಕಟ್ಟುನಿಟ್ಟಾಗಿ ವಿಧಿಸತಕ್ಕದ್ದು.

ಬೇರೆ ಬ್ಯಾಟರಿಯ ನೆರವನ್ನು ಪಡೆಯುವುದಾದರೆ ಪಾಸಿಟಿವ್ ತುದಿಗೆ ಪಾಸಿಟಿವ್ ತುದಿಯನ್ನು ಕೂಡಿಸಬೇಕು. ನೆಗೆಟಿವ್ ತಂತಿಯ ಒಂದು ಕೊನೆಯನ್ನು ನೆರವಿನ ಬ್ಯಾಟರಿಗೂ, ಕಟ್ಟಕಡೆಗೆ ಮತ್ತೊಂದು ಕೊನೆಯನ್ನು ಸೋತ ಬ್ಯಾಟರಿಯಿಂದ ದೂರವಾಗಿ ಎಂಜಿನಿನ ಬರಿಯ ಲೋಹಕ್ಕೂ ಹಚ್ಚಬೇಕು. ಏಕೆಂದರೆ ಬ್ಯಾಟರಿಯಿಂದ ಹೊರಡುವ ಜಲಜನಕವು ಒಂದು ಕಿಡಿಗೆ ಸಿಡಿಯುತ್ತದೆ. ಇದೇ ಕಾರಣಕ್ಕಾಗಿ ರಾತ್ರಿ ವೇಳೆ ಕಡ್ಡಿ ಗೀರಿ ದ್ರವದ ಮಟ್ಟವನ್ನು ನೋಡುವುದೂ, ಬೀಡಿ ಸೇದುತ್ತ ಬ್ಯಾಟರಿಯನ್ನು ಮುಟ್ಟುವುದೂ ಕೂಡದು. ಆಮ್ಲವು ಕಣ್ಣಿಗೆ ಸಿಡಿದರೆ ಕಾಲು ಗಂಟೆಗೆ ಕಡಮೆಯಿಲ್ಲದಂತೆ ಶುದ್ಧವಾದ ನೀರಿನಿಂದ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

೬. ಬದಲಾಯಿಸುವ ಕ್ರಮ

ಪೂರ್ಣವಾಗಿ ತುಂಬಿಸಿದ ಮೇಲೆಯೂ ಭಾರದ ಪರೀಕ್ಷೆಯಲ್ಲಿ ಸೋತ, ಒಂದು ಕೋಣೆಯು ಕೆಟ್ಟ, ಅಥವಾ ಪೆಟ್ಟಿಗೆಯು ಬಿರಿದ ಇಲ್ಲವೆ ಉಬ್ಬಿದ ಬ್ಯಾಟರಿಯನ್ನು ಬದಲಾಯಿಸಬೇಕು. ಹೊಸದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿದ ವೋಲ್ಟು, ಆಂಪಿಯರ್-ಅವರು ಮತ್ತು ಟರ್ಮಿನಲುಗಳ ದಿಕ್ಕು ಇವುಗಳಿಗೆ ಒಪ್ಪುವಂತಿರಬೇಕು. ಅಂಗಡಿಯಲ್ಲಿ ಬಹುಕಾಲ ಕೂತ ಬ್ಯಾಟರಿಯೂ ಸೋರಿರುತ್ತದೆಯಾದುದರಿಂದ ತಯಾರಾದ ತಿಂಗಳನ್ನು ನೋಡಿ ಕೊಳ್ಳಬೇಕು. ಗ್ಯಾರಂಟಿ ಚೀಟಿಯಲ್ಲಿ ತಾರೀಖನ್ನೂ ಮೊಹರನ್ನೂ ಹಾಕಿಸಿಕೊಳ್ಳಬೇಕು.

ಬಿಚ್ಚುವಾಗ ನೆಗೆಟಿವ್ ತಂತಿ ಮೊದಲು, ಕಟ್ಟುವಾಗ ಅದೇ ಕೊನೆ. ಈ ಕ್ರಮವನ್ನು ತಪ್ಪಿದರೆ ಪಾನವು ಟ್ರ್ಯಾಕ್ಟರಿನ ಮೈಗೆ ತಗಲಿ ಕಿಡಿ ಹಾರುತ್ತದೆ. ತಂತಿಗಳನ್ನು ಅದಲು ಬದಲಾಗಿ ಕಟ್ಟಿದರೆ ಆಲ್ಟರ್ನೇಟರು ಸುಟ್ಟುಹೋಗುವ ಸಂಭವವುಂಟು.

ಹಳೆಯ ಬ್ಯಾಟರಿಯನ್ನು ಹೊಸದನ್ನು ಕೊಟ್ಟ ವರ್ತಕನಿಗೇ ಒಪ್ಪಿಸಿ, ಅದರ ಸೀಸದ ಬೆಲೆಯನ್ನು ವಜಾ ಮಾಡಿಸಿಕೊಳ್ಳುವುದು ಉತ್ತಮ. ೨೦೨೨ ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಇಂಥ ಬ್ಯಾಟರಿಗಳು ನೋಂದಾಯಿತ ಕಾರ್ಖಾನೆಗಳಿಗೆ ಮರಳಬೇಕಾಗಿವೆ. ಊರಿನೊಳಗೆ ಅದನ್ನು ಒಡೆದು ಸೀಸವನ್ನು ಕರಗಿಸಿದರೆ ಆ ಹೊಗೆ ಮತ್ತು ಧೂಳಿನಿಂದ ಮಕ್ಕಳ ಬುದ್ಧಿಶಕ್ತಿಗೇ ಕುಂದು ಬರುತ್ತದೆ. ಆಮ್ಲವನ್ನು ಕಾಲುವೆಗೋ ಹೊಲಕ್ಕೋ ಚೆಲ್ಲಿದರೆ ನೀರೂ ಮಣ್ಣೂ ಕೆಡುತ್ತವೆ. ಇದನ್ನು ತಡೆಯುವುದರಲ್ಲಿ ಗ್ರಾಮದ ಮುಖಂಡರ ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ಒಟ್ಟಿನಲ್ಲಿ, ಒಂದು ಹೈಡ್ರಾಮೀಟರು, ಒಂದು ಶೀಸೆ ಭಟ್ಟಿ ಇಳಿಸಿದ ನೀರು, ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆಯ ಗಮನ, ಇಷ್ಟಿದ್ದರೆ ಬ್ಯಾಟರಿಯು ಮೂರು ನಾಲ್ಕು ವರ್ಷ ಸುಖವಾಗಿ ದುಡಿಯಬಲ್ಲದು. ಯುಗಾದಿಯ ಹೊತ್ತಿಗೆ ನೇಗಿಲು, ಕುಂಟೆ, ಕೂರಿಗೆಗಳನ್ನು ತೆಗೆದು ಸರಿಮಾಡಿಕೊಳ್ಳುವಂತೆಯೇ ಮೇಲ್ಕಂಡ ಆರು ಪರೀಕ್ಷೆಗಳನ್ನೂ ಮುಗಿಸಿಕೊಂಡ ಯಜಮಾನನಿಗೆ, ಮಳೆ ಬಿದ್ದ ಮಾರನೆಯ ದಿನ ಪೇಟೆಗೆ ಓಡಬೇಕಾದ ಪ್ರಮೇಯವು ಬರಲಾರದು.